ಮೂಳೆಓಣಿಗೆ ಕರೆದ ಗಾಡಿ

ನಮ್ಮೂರಿಗೆ ಸಿಗ್ನಲ್ ದಿನಕ್ಕೊಂದು ಕಡೆ ಬರುತ್ತದೆ. ಬಂದರೂ ಎಷ್ಟು? ಒಂದು ಮಂಚ ಹಾಕಿದರೆ ಹಿಡಿಯುವಷ್ಟು ಜಾಗ. ಅದರೊಳಗೆ ನಿಂತರೆ ನಾಲ್ಕು ಕಡ್ಡಿ, ಒಂದು ಹೆಜ್ಜೆ ಆಚೆ ಇಟ್ಟರೆ ಸೊನ್ನೆ. ಊರಿನ ಎಲ್ಲೆಕಲ್ಲು ದಾಟಿದರೆ ಸಿಗ್ನಲ್ ಇದೆ, ಆದರೆ ಅದು ಹರದಾರಿಗಟ್ಟಲೆ ದೂರ. ಹೊತ್ತು ಹುಟ್ಟುವಾಗ ಬಂದು ಕೂತರೆ ಮಾರನೇ ದಿನ ಹೊತ್ತು ಹುಟ್ಟುವ ತನಕ ಅಲ್ಲಾಡುವುದಿಲ್ಲ. ನಿನ್ನೆ ಹಿಟ್ಟಿನ ಗಿರಣಿ ಮುಂದೆ, ಇವತ್ತು ಯಾರದೋ ಬಚ್ಚಲಲ್ಲಿ, ನಾಳೆ ಸ್ಕೂಲಿನ ಹೆಂಚಿನ ಮೇಲೆ. ಅದನ್ನು ಹುಡುಕುವ ಕೆಲಸ ನನ್ನದು. ನನ್ನ ಹೆಸರು ಹೊನ್ನೂರ. ಏಳನೇ ಕ್ಲಾಸಿನಲ್ಲಿ, ಮಾಸ್ತರ ಸೈಕಲ್ ತೊಳೆಯೋಕೆ ನನ್ನೊಬ್ಬನನ್ನೇ ಯಾಕೆ ಕಳಿಸ್ತೀರಿ ಅಂತ ಕೇಳಿದೆ. ಬೆತ್ತ ಮುರಿಯಿತು. ನಾನು ಮತ್ತೆ ಆ ಕಡೆ ಹೋಗಲಿಲ್ಲ.

ದಿನಾ ಬೆಳಿಗ್ಗೆ ಕೈಯಲ್ಲಿ ಫೋನ್ ಹಿಡಿದು ಊರು ಸುತ್ತುತ್ತೇನೆ. ಕಡ್ಡಿ ಎದ್ದಲ್ಲಿ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇನೆ. ಊರು ಸಾಲು ನಿಲ್ಲುತ್ತದೆ. ನಾನು ಪಕ್ಕದಲ್ಲೇ ಗೋಣಿ ಹಾಸಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಕೂರುತ್ತೇನೆ, ಯಾಕೆಂದರೆ ಸಿಗ್ನಲ್ ಬಂದರೂ ಈ ಜನಕ್ಕೆ ಫೋನ್ ಹತ್ತುವುದಿಲ್ಲ. "ಹೊನ್ನೂರಾ, ನನ್ನದು ರಿಂಗೇ ಆಗಲ್ಲ ಕಣಪ್ಪ." ಸೈಲೆಂಟ್ ಒತ್ತಿಕೊಂಡು ಮೂರು ತಿಂಗಳಾಗಿರುತ್ತದೆ. "ಚಾರ್ಜೇ ಏರಲ್ಲ." ಚಾರ್ಜರ್ ತೂತಿನ ತುಂಬ ನಶ್ಯದ ಪುಡಿ. "ನಾನು ಕಿರುಚಿದ್ರೂ ಮಗಳಿಗೆ ಕೇಳಲ್ವಂತೆ." ಮಾತಾಡುವ ತೂತಿಗೆ ರೊಟ್ಟಿ ಹಿಟ್ಟು ಮೆತ್ತಿ ಕಲ್ಲಾಗಿರುತ್ತದೆ. ಸೂಜಿಯಲ್ಲಿ ಕೆದಕಿ ಕೊಟ್ಟರೆ ನನ್ನನ್ನು ಡಾಕ್ಟರು ಅನ್ನುತ್ತಾರೆ. ಹಾಗಂದರೂ ಫೋನನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ನೆಲದ ಮೇಲೆ ಇಡು ಅನ್ನುತ್ತಾರೆ.

ಊರ ಹಿರೀಕರು ಒಂದು ಕಟ್ಟಳೆ ಮಾಡಿದ್ದಾರೆ. ಸಿಗ್ನಲ್ ಯಾರ ಮನೆಯೊಳಗೆ ಬಂದರೂ ಆ ಮನೆ ಬಾಗಿಲು ಹೊತ್ತು ಮುಳುಗುವ ತನಕ ತೆರೆದಿರಬೇಕು. ಕೇಳೋಕೆ ಚಂದ. ಹೋದ ಬೇಸಿಗೆಯಲ್ಲಿ ಅದು ನಮ್ಮ ಓಣಿಗೆ ಬಂತು, ನಮ್ಮ ಮನೆಗೇ, ನಮ್ಮವ್ವ ಮಲಗುವ ಜಾಗಕ್ಕೇ. ಮೇಲಿನ ಪೇಟೆಯವರೆಲ್ಲ ಚಪ್ಪಲಿ ಕಾಲಲ್ಲಿ ಬಂದು ಅವ್ವನ ಕೌದಿ ಮೇಲೆ ನಿಂತು ಹಲೋ ಹಲೋ ಅಂದರು. ಒಬ್ಬ ಮೂಗು ಮುಚ್ಚಿಕೊಂಡೇ ಮಾತಾಡಿದ. ಅವ್ವ ಸಂಜೆ ತನಕ ಬಾಗಿಲಾಚೆ ಬಿಸಿಲಲ್ಲಿ ಕೂತಿದ್ದಳು. ಅದೇ ಸಿಗ್ನಲ್ ಮೇಲಿನ ಪೇಟೆಯ ಎತ್ತರದ ಮನೆಯೊಳಗೆ ಬಂದರೆ ಕಟ್ಟಳೆ ಬೇರೆ. ಬಾಗಿಲು ತೆರೆದೇ ಇರುತ್ತದೆ, ಆದರೆ ನಮ್ಮಂಥವರು ಮೆಟ್ಟಿಲ ಕೆಳಗೆ ನಿಂತು ಫೋನನ್ನು ಹಿತ್ತಾಳೆ ತಟ್ಟೆಗೆ ಇಡಬೇಕು. ಮನೆಯವರು ಒಳಗೆ ಒಯ್ದು ನಮ್ಮ ಪರವಾಗಿ ಮಾತಾಡಿ ತಂದುಕೊಡುತ್ತಾರೆ. ನಮ್ಮ ಅಳು, ನಮ್ಮ ಜಗಳ, ನಮ್ಮ ಗಂಡ ಹೆಂಡಿರ ಮಾತು ಎಲ್ಲ ಅವರ ಬಾಯಲ್ಲಿ.

ನಮ್ಮದು ಮೂಳೆಓಣಿ. ಸತ್ತ ದನದ ಮೂಳೆ ಆಯ್ದು ಗಾಡಿಗೆ ತುಂಬುತ್ತಿದ್ದ ಕಾಲದ ಹೆಸರು. ಈಗ ಮೂಳೆಯೂ ಇಲ್ಲ, ಗಾಡಿಯೂ ಇಲ್ಲ. ಮೇಲಿನ ಪೇಟೆಯವರು ಆ ಹೆಸರು ಎತ್ತುವುದಿಲ್ಲ. ಗದ್ದ ಎತ್ತಿ "ಆ ಕಡೆ" ಅನ್ನುತ್ತಾರೆ. ನಾನು ಅದಕ್ಕೆ ನಗುತ್ತಿದ್ದೆ.

ನನ್ನಕ್ಕ ಗಾಳೆಮ್ಮ ಮೊದಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಭಾವ ಕಬ್ಬು ಕಡಿಯೋಕೆ ದೂರ ಹೋಗಿದ್ದ. ಅಕ್ಕನಿಗೆ ನಾನಂದರೆ ಗೇಲಿ. "ಊರಿಗೆಲ್ಲ ಸಿಗ್ನಲ್ ಹುಡುಕ್ತೀಯ, ನಿನಗೊಂದು ಹೆಣ್ಣು ಹುಡುಕ್ಕೊಳ್ಳೋ ಬೇವಾರ್ಸಿ" ಅನ್ನುತ್ತಿದ್ದಳು. "ನಿನ್ನಂಥೋಳು ಸಿಕ್ಕಿಬಿಟ್ರೆ ಏನ್ ಗತಿ ಅಂತ ಹೆದರ್ಕೊಂಡಿದೀನಿ" ಅಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ತುಂಬು ಹೊಟ್ಟೆಯಲ್ಲೂ ಗುರಿ ತಪ್ಪುತ್ತಿರಲಿಲ್ಲ.

ಆವತ್ತು ಬೆಳಿಗ್ಗೆ ಊರನ್ನು ಮೂರು ಸುತ್ತು ಹಾಕಿದರೂ ನನಗೆ ಸಿಗ್ನಲ್ ಸಿಗಲಿಲ್ಲ. ಉಳಿದದ್ದು ಎತ್ತರದ ಮನೆ ಒಂದೇ. ಮೆಟ್ಟಿಲ ಕೆಳಗೆ ನಿಂತು ಕೂಗಿದೆ. ಆ ಮನೆ ಸೊಸೆ ನನ್ನ ಫೋನನ್ನು ತಟ್ಟೆಯಲ್ಲಿಟ್ಟುಕೊಂಡು ಕೋಣೆ ಕೋಣೆ ತಿರುಗಿ ಬಂದಳು. "ದೇವರ ಕೋಣೇಲಿ ಬಂದಿದೆ" ಅಂದಳು. ನಾನು ಅವರ ಗೇಟಿಗೆ ಕೆಂಪು ಬಟ್ಟೆ ಕಟ್ಟಿ ಮನೆಗೆ ಹೋದೆ. ಹೋಗುವಷ್ಟರಲ್ಲಿ ಅಕ್ಕನಿಗೆ ನೋವು ಕಾಣಿಸಿಕೊಂಡಿತ್ತು.

ನಮ್ಮ ಓಣಿಯ ಸೂಲಗಿತ್ತಿ ಯಂಕವ್ವ ಬಂದಳು. ಓಣಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಮಧ್ಯಾಹ್ನದ ಹೊತ್ತಿಗೆ ಒಳಗಿಂದ ಹೊರಬಂದು ಕೈ ಒರೆಸಿಕೊಳ್ಳುತ್ತ ನನ್ನನ್ನು ಪಕ್ಕಕ್ಕೆ ಕರೆದಳು.

"ಕೂಸಿನ ಕೈ ಮುಂದೆ ಬಂದೈತೆ. ತಲೆ ಎಲ್ಲೋ ಅಡ್ಡ ಮಲಗೈತೆ. ಇದು ನನ್ನ ಕೈಲಾಗೋದಲ್ಲ. ದೊಡ್ಡಾಸ್ಪತ್ರೆ ಗಾಡಿ ಕರೆಸು."

"ಹುಲುಗಪ್ಪನ ಟ್ರ್ಯಾಕ್ಟರ್ ಐತಲ್ಲ, ಹಾಕ್ಕೊಂಡು ಹೋಗೋಣ."

"ಟ್ರ್ಯಾಕ್ಟರ್ ಕುಲುಕಿಗೆ ದಾರೀಲೇ ಹೋಗ್ತಾಳೆ. ಗಾಡೀಲಿ ಸೂಜಿ ಮದ್ದು ಇರ್ತದೆ, ನರ್ಸು ಇರ್ತಾಳೆ. ಮಾತಾಡ್ತ ನಿಲ್ಬೇಡ, ಓಡು. ಎರಡು ತಾಸಿನ ಮೇಲೆ ನನಗೆ ಧೈರ್ಯ ಇಲ್ಲ."

ಊರಲ್ಲಿದ್ದ ಎರಡು ಆಟೋ ಬೆಳಿಗ್ಗೆಯೇ ಸಂತೆಗೆ ಹೋಗಿದ್ದವು. ನಾನು ಓಡಿದೆ. ಒಳಗಿಂದ ಅಕ್ಕ "ಲೋ ಹೊನ್ನೂರಾ, ಬೇಗ ಬಾರೋ" ಅಂದದ್ದು ಕೇಳಿಸಿತು. ಆ ದನಿಯಲ್ಲಿ ಗೇಲಿ ಇರಲಿಲ್ಲ.

ಎತ್ತರದ ಮನೆ ಯಜಮಾನ್ತಿ ವನಜಾಕ್ಷಮ್ಮ. ಐವತ್ತು ದಾಟಿದ ಹೆಂಗಸು. ಕೆಟ್ಟವಳು ಅಂತ ಊರಲ್ಲಿ ಯಾರೂ ಹೇಳುವುದಿಲ್ಲ, ಹಬ್ಬಕ್ಕೆ ನಮ್ಮ ಓಣಿಗೂ ಕಡುಬು ಕಳಿಸುತ್ತಾಳೆ. ಸಾಲಿನಲ್ಲಿದ್ದವರನ್ನು ತಳ್ಳಿಕೊಂಡು ಮೆಟ್ಟಿಲ ಹತ್ತಿರ ಹೋಗಿ ಹೇಳಿದೆ. ಅಕ್ಕ, ಕೂಸಿನ ಕೈ, ಗಾಡಿ, ಎರಡು ತಾಸು.

"ಅಯ್ಯೋ ಶಿವನೇ! ಇಡು ಇಡು, ತಟ್ಟೆಗಿಡು" ಅಂದಳು.

"ನಿಮ್ಮ ಫೋನಿಂದಲೇ ಮಾಡ್ತೀರಾ ಅಮ್ಮಾ? ನನ್ನದು ಸ್ವಲ್ಪ ಕಿತಾಪತಿ."

"ನನ್ನದು ನಿನ್ನ ಹತ್ರಾನೇ ಇದೆಯಲ್ಲೋ ರಿಪೇರಿಗೆ. ಯಜಮಾನ್ರದ್ದು ಅವರ ಜೊತೆ ಸಂತೆಗೆ ಹೋಗಿದೆ. ಸೊಸೆಗೆ ಬೇರೆ ಫೋನಿಲ್ಲ."

ನಿಜ. ಅವಳ ಫೋನು ನನ್ನ ಗೋಣಿ ಮೇಲೆ ಬಿಚ್ಚಿ ಬಿದ್ದಿತ್ತು. ಎರಡು ತಿಂಗಳಲ್ಲಿ ಮೂರನೇ ಸಲ. ನಾನು ಮುಟ್ಟಿ ಸರಿ ಮಾಡಿ ಕೊಡುತ್ತೇನೆ, ಅವಳು ಶುದ್ಧಿಗೆ ಅಂತ ನೀರು ಚಿಮುಕಿಸುತ್ತಾಳೆ, ನೀರು ಒಳಗಿಳಿದು ಮತ್ತೆ ಕೆಡುತ್ತದೆ. ಬೇರೆಯವರ ಫೋನ್ ಕೇಳೋಣ ಅಂತ ಸಾಲಿನ ಕಡೆ ತಿರುಗಿದೆ. ಒಬ್ಬೊಬ್ಬರೂ ತಮ್ಮ ಫೋನನ್ನು ನೋಡಿಕೊಂಡರು. "ಒಂದು ಪರ್ಸೆಂಟ್ ಐತಪ್ಪ." "ನಂದು ಬರೇ ಬರೋ ಕಾಲು, ಹೋಗಲ್ಲ." ನಾನೇ ರಿಪೇರಿ ಮಾಡಿದ ಫೋನುಗಳು. ಯಾವುದಕ್ಕೆ ಎಷ್ಟು ಜೀವ ಇದೆ ಅಂತ ನನಗೆ ಗೊತ್ತಿಲ್ಲವೇ? ಹಲ್ಲು ಕಚ್ಚಿಕೊಂಡು ನನ್ನದನ್ನೇ ತಟ್ಟೆಗಿಟ್ಟೆ.

ಅವಳು ತಂಬಿಗೆಗೆ ಕೈ ಅದ್ದಿದಳು.

"ಅಮ್ಮಾ, ನೀರು ಬೇಡ! ಅದಕ್ಕೆ ಹಿಂದಿನ ಮುಚ್ಚಳ ಇಲ್ಲ!"

"ಒಂದು ಹನಿ ಕಣೋ. ದೇವರ ಕೋಣೆಗೆ ಹೋಗಬೇಕಲ್ಲ" ಅಂದಳು, ಚಿಮುಕಿಸಿಯೇ ಬಿಟ್ಟಳು. ಒಳಗೆ ಹೋದಳು. ಮರುಗಳಿಗೆಗೆ ಅವಳ ದನಿ ಬಂತು. "ಹೊನ್ನೂರಾ, ಇದು ಕಪ್ಪಗಾಯ್ತಲ್ಲೋ!"

ಮೆಟ್ಟಿಲು ನಾಲ್ಕೇ ನಾಲ್ಕು. ನಾಲ್ಕು ಹಾರಿ ಹೋಗಿ ಫೋನ್ ಕಿತ್ತುಕೊಂಡು ಒಂದು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಹಾರಲಿಲ್ಲ. ಹಾರಿದ್ದರೆ ಅವರು ನನ್ನನ್ನು ಹಿಡಿದುಕೊಂಡು ನಿಲ್ಲುತ್ತಿದ್ದರು, ಫೋನು ಅಲ್ಲೇ ಬಿದ್ದಿರುತ್ತಿತ್ತು, ಅಕ್ಕ ಅಲ್ಲಿ. ಹೀಗೆ ಲೆಕ್ಕ ಹಾಕಿದೆ. ಈ ಲೆಕ್ಕ ನಮ್ಮ ಓಣಿಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ಮನೆ ಸುತ್ತಿಕೊಂಡು ಹಿತ್ತಿಲಿಗೆ ಓಡಿದೆ. ದೇವರ ಕೋಣೆಗೆ ಒಂದು ಸಣ್ಣ ಕಿಟಕಿ ಇತ್ತು, ತಲೆಗಿಂತ ಎತ್ತರ. ಅಲ್ಲಿ ಬಿದ್ದಿದ್ದ ಒಡೆದ ಒರಳನ್ನು ಉರುಳಿಸಿ ಅದರ ಮೇಲೆ ಹತ್ತಿ ಕಂಬಿ ಹಿಡಿದುಕೊಂಡೆ. ಒಳಗೆ ದೀಪ, ಹೂವು, ವನಜಾಕ್ಷಮ್ಮನ ಬೆನ್ನು.

"ಅಮ್ಮಾ, ಇಲ್ಲಿದೀನಿ. ಹೇಳಿದಂಗೆ ಮಾಡಿ. ಆ ರಬ್ಬರ್ ಬ್ಯಾಂಡ್ ತೆಗೀರಿ. ಉಗುರು ಹಾಕಿ ಬ್ಯಾಟರಿ ಎತ್ತಿ. ಸೆರಗಲ್ಲಿ ಒರೆಸಿ."

"ಮಡಿ ಸೀರೆ ಕಣೋ."

"ಯಾವುದಾದ್ರೂ ಬಟ್ಟೆ ಅಮ್ಮಾ! ಯಾವುದಾದ್ರೂ!"

ಸೊಸೆ ಹಳೇ ಟವೆಲ್ ಹುಡುಕಿಕೊಂಡು ಬರುವ ತನಕ ನಾನು ಕಂಬಿಗೆ ಹಣೆ ಒತ್ತಿಕೊಂಡು ನಿಂತೆ. ಒರೆಸಿದಳು. ತಿರುಗು ಮುರುಗು ಹಾಕಿದಳು. "ಚಿನ್ನದ ಬಣ್ಣದ ಮೂರು ಗೆರೆ ಇದ್ದಾವಲ್ಲ ಬ್ಯಾಟರಿ ಮೇಲೆ, ಅವು ಒಳಗಿರೋ ಮೂರು ಮುಳ್ಳಿಗೆ ತಾಗಬೇಕು. ಹಾಂ. ಈಗ ಬೆರಳಲ್ಲಿ ಒತ್ತಿ ಹಿಡ್ಕೊಂಡೇ ಪಕ್ಕದ ಬಟನ್ ಅದುಮಿ. ಹತ್ತು ಎಣಿಸಿ." ಅವಳು ಎಣಿಸಿದಳು. ಅಷ್ಟೋತ್ತರ ಹೇಳುವ ಹಾಗೆ, ನಿಧಾನಕ್ಕೆ, ಒಂದೊಂದಕ್ಕೂ ಉಸಿರು ತೆಗೆದುಕೊಂಡು. ಫೋನು ಬೆಳಗಿತು.

"ಸಿಮ್ ಇಲ್ಲ ಅಂತ ಬರೆದಿದೆ."

"ಮತ್ತೆ ಬ್ಯಾಟರಿ ತೆಗೀರಿ. ಕೆಳಗೆ ಸಿಮ್ ಇರ್ತದೆ, ಈಚೆ ಎಳೆದು ಒರೆಸಿ ಹಾಕಿ. ಮೂಲೆ ಕತ್ತರಿಸಿರೋ ಕಡೆ ಮೇಲಕ್ಕೆ."

ಮತ್ತೆ ಹತ್ತು ಎಣಿಕೆ. ಈ ಸಲ ಒಂದು ಕಡ್ಡಿ. "ನಿಂತಲ್ಲೇ ಒಂದು ಗೇಣು ಬಲಕ್ಕೆ ಸರೀರಿ." ನಾಲ್ಕು ಕಡ್ಡಿ. ಆಸ್ಪತ್ರೆ ನಂಬರ್ ಹೇಳಿದೆ. ಒತ್ತಿ ಕಿವಿಗಿಟ್ಟುಕೊಂಡಳು. "ಏನೂ ಕೇಳಿಸ್ತಿಲ್ಲ."

"ಕಿವಿಗಿಟ್ರೆ ಅದು ಕೇಳಲ್ಲ, ಸ್ಪೀಕರ್ ಒತ್ತಿ, ತುತ್ತೂರಿಯ ಚಿತ್ರ ಇದೆಯಲ್ಲ, ಅದು. ಬ್ಯಾಟರಿ ಎಷ್ಟಿದೆ?"

"ಆರು ಅಂತಿದೆ."

ಆರು ಪರ್ಸೆಂಟ್ ಅಂದರೆ ಆ ಫೋನಿಗೆ ಎರಡು ನಿಮಿಷ. "ನಮಸ್ಕಾರ, ಹೇಳಿ, ಏನು ತೊಂದರೆ" ಅಂತ ಆ ಕಡೆಯಿಂದ ಒಬ್ಬ ಹುಡುಗಿಯ ದನಿ ಕೋಣೆ ತುಂಬ ಬಂತು. ವನಜಾಕ್ಷಮ್ಮ ಸರಿಯಾಗಿಯೇ ಹೇಳಿದಳು, ಹೆರಿಗೆ, ಕೂಸಿನ ಕೈ, ಅರ್ಜೆಂಟು. ಆಗ ಬಾಗಿಲಲ್ಲಿದ್ದ ಸೊಸೆ ಕಿಟಕಿಗೆ ಕೈ ತೋರಿಸಿ, "ಅವನ ನೆರಳು ನೈವೇದ್ಯದ ಮೇಲೆ ಬೀಳ್ತಿದೆ ಅತ್ತೆ" ಅಂದಳು. ವನಜಾಕ್ಷಮ್ಮ ಫೋನಿಗೆ ಅಂಗೈ ಅಡ್ಡ ಹಿಡಿದು ತಿರುಗಿ, "ಇಳಿಯೋ ಸ್ವಲ್ಪ, ಮಾತಾಡ್ತಿದೀನಲ್ಲ" ಅಂದಳು.

ಎರಡು ನಿಮಿಷದಲ್ಲಿ ವಾದ ಮಾಡೋಕೆ ಎಲ್ಲಿ ಜಾಗ? ಇಳಿದೆ. ಗೋಡೆಗೆ ಬೆನ್ನು ಹಚ್ಚಿ ಕೂತೆ. ಒಳಗಿನ ಮಾತು ಗುಜುಗುಜು ಅಂತ ಕೇಳುತ್ತಿತ್ತು, ಅರ್ಥ ಆಗುತ್ತಿರಲಿಲ್ಲ.

ಮುಂಬಾಗಿಲಿಗೆ ಬಂದಾಗ ತಟ್ಟೆಯಲ್ಲಿ ಫೋನು ಸತ್ತು ಮಲಗಿತ್ತು. "ಬರುತ್ತಂತೆ, ಅರ್ಧ ಗಂಟೇಲಿ. ಎಲ್ಲಾ ಹೇಳಿದೀನಿ" ಅಂದಳು ವನಜಾಕ್ಷಮ್ಮ. ಹಣೆ ಬೆವತಿತ್ತು, ಪಾಪ, ಅವಳಿಗೂ ಕಷ್ಟವಾಗಿತ್ತು. ನಾನು ಅವಳಿಗೆ ಕೈ ಮುಗಿದೆ. ಎರಡೂ ಕೈ ಎತ್ತಿ, ತಲೆ ಬಾಗಿಸಿ ಮುಗಿದೆ. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಂತಿತ್ತು. ನಾನು ಆಗಲೇ ಓಡುತ್ತಿದ್ದೆ.

ಓಣಿಯ ಬಾಯಲ್ಲಿ ನಿಂತೆ. ಅರ್ಧ ಗಂಟೆ ಆಯಿತು. ಮುಕ್ಕಾಲು ಆಯಿತು. ಓಣಿಯ ಹುಡುಗರೆಲ್ಲ ದಾರಿಯ ಕಲ್ಲು ಎತ್ತಿಟ್ಟರು, ಹುಲುಗಪ್ಪ ತನ್ನ ಟ್ರ್ಯಾಕ್ಟರ್ ತೆಗೆದು ಗಾಡಿ ತಿರುಗಿಸೋಕೆ ಜಾಗ ಮಾಡಿದ. ಒಳಗಿನ ಕೂಗು ಮೊದಲು ಜೋರಾಯಿತು, ಆಮೇಲೆ ಸಣ್ಣಗಾಯಿತು. ಸಣ್ಣಗಾದದ್ದೇ ನನಗೆ ತಡೆಯಲಾಗಲಿಲ್ಲ. ಯಂಕವ್ವ ಬಾಗಿಲಿಗೆ ಬಂದು ನನ್ನ ಕಡೆ ನೋಡಿ ಒಳಗೆ ಹೋದಳು. ಗಾಡಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಆ ದೇವರ ಕೋಣೆಯಲ್ಲಿ, ನನ್ನ ಫೋನು ಸತ್ತಿದೆ. ಅವರು ಊರೊಳಗೆ ಬಂದರೆ ಅವರ ಫೋನೂ ಸಾಯುತ್ತದೆ. ಒಂದು ಗಂಟೆ ಕಳೆದ ಮೇಲೆ ದಾರಿಗೆ ಅಡ್ಡ ಹೋಗಿ ಕರೆದುಕೊಂಡು ಬರೋಣ ಅಂತ ಪೇಟೆ ಕಡೆ ಓಡಿದೆ.

ಗಾಡಿ ಎತ್ತರದ ಮನೆ ಮುಂದೆ ನಿಂತಿತ್ತು. ಬೇವಿನ ನೆರಳಿನಲ್ಲಿ. ಹಿಂದಿನ ಬಾಗಿಲು ತೆಗೆದಿಟ್ಟು ನರ್ಸು ಕಾಲು ಇಳಿಬಿಟ್ಟು ಕೂತಿದ್ದಳು. ಡ್ರೈವರ್ ಗಾಡಿಗೆ ಒರಗಿ ಲೋಟ ಹಿಡಿದು ಕಾಫಿ ಕುಡಿಯುತ್ತಿದ್ದ.

"ಯಾರಪ್ಪ, ಪೇಷಂಟ್ ಕಡೆಯೋನಾ? ಎಲ್ಲಿ ಆಯಮ್ಮ?" ಅಂದ ಅವನು, ಸಿಟ್ಟಿನಿಂದ. "ನಾವು ಬಂದು ನಲವತ್ತು ನಿಮಿಷ ಆಯ್ತು. ಇಲ್ಲಿಗೇ ಕರ್ಕೊಂಡು ಬರ್ತಾರೆ ಅಂದ್ರು. ಎಲ್ಲಿಂದ ಬರ್ತಾರೆ ಅಂದ್ರೆ ಆ ಕಡೆ ಅಂತ ಕೈ ತೋರಿಸ್ತಾರೆ. ಆ ಕಡೆ ಅಂದ್ರೆ ಯಾವ ಕಡೆ? ಕೆರೆ ತನಕ ಹೋಗಿ ವಾಪಸ್ ಬಂದ್ವಿ."

ನಾನು ಅವನ ಲೋಟ ಕಿತ್ತು ಎಸೆದೆ. ಅದು ಮಾತ್ರ ನೆನಪಿದೆ. ಆಮೇಲೆ ಗಾಡಿಯಲ್ಲಿ ಅಕ್ಕನ ತಲೆ ನನ್ನ ತೊಡೆ ಮೇಲಿತ್ತು. ನರ್ಸು ಸೂಜಿ ಚುಚ್ಚಿದಳು, ಸಲೈನ್ ನೀರಿನ ಬಾಟಲಿ ಎತ್ತಿ ಹಿಡಿಯೋಕೆ ಅವ್ವನಿಗೆ ಕೊಟ್ಟಳು. ಊರಿನ ಎಲ್ಲೆಕಲ್ಲು ದಾಟುತ್ತಿದ್ದಂತೆ ನರ್ಸಿನ ಜೇಬಿನ ಫೋನು ಟಿಣಿಟಿಣಿ ಅಂತ ಒಂದರ ಹಿಂದೊಂದು ಮೆಸೇಜು ಬಡಿಯತೊಡಗಿತು. ಆ ಸದ್ದಿನ ನಡುವೆ ಅಕ್ಕ ನನ್ನ ಅಂಗಿ ಹಿಡಿದಿದ್ದ ಕೈ ಬಿಟ್ಟಳು. ಅವ್ವ ಬಾಟಲಿಯನ್ನು ಇಳಿಸಲಿಲ್ಲ. ಆಸ್ಪತ್ರೆ ಬರುವ ತನಕ ಎತ್ತಿ ಹಿಡಿದೇ ಇದ್ದಳು.

ಕೂಸೂ ಉಳಿಯಲಿಲ್ಲ. ಹೆಣ್ಣು.

ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ಗುಮಾಸ್ತ ಮಾರನೇ ಬೆಳಿಗ್ಗೆ ಚೀಟಿ ಅಚ್ಚು ಹಾಕಿ ಕೊಟ್ಟ. ಹೆಣ ಒಯ್ಯುವ ವ್ಯಾನಿಗೆ ಅದನ್ನು ಕೊಡಬೇಕಿತ್ತು. ಓದಿದೆ. ಗಾಳೆಮ್ಮ, ವಯಸ್ಸು ಇಪ್ಪತ್ತಮೂರು. ವಿಳಾಸ: ಎತ್ತರದ ಮನೆ, ಮೇಲಿನ ಪೇಟೆ.

"ಇದು ನಮ್ಮ ವಿಳಾಸ ಅಲ್ಲ ಸಾರ್."

"ಫೋನಲ್ಲಿ ಏನು ಹೇಳಿದಾರೋ ಅದೇ ಕಂಪ್ಯೂಟರಲ್ಲಿ ಇರೋದು. ನಾನೇನು ಕನಸು ಕಂಡು ಬರೀತೀನಾ? ತಿದ್ದಬೇಕು ಅಂದ್ರೆ ಅರ್ಜಿ ಕೊಟ್ಟು ಸೋಮವಾರ ಬಾ."

ಆ ಚೀಟಿಯನ್ನು ನಾನು ಇನ್ನೊಂದು ಸಲ ಓದಿದೆ. ಮತ್ತೊಂದು ಸಲ ಓದಿದೆ. "ಇರಲಿ ಬಿಡಿ ಸಾರ್, ತಿದ್ದೋದು ಬೇಡ" ಅಂದೆ. ವ್ಯಾನಿನವನಿಗೆ ಕೊಟ್ಟೆ. ಅವನು ಓದಿಕೊಂಡು, "ಇದೇ ಬಾಗಿಲಿಗೆ ಬಿಡಬೇಕಾ?" ಅಂದ. "ಬರೆದಿದೆಯಲ್ಲಣ್ಣ" ಅಂದೆ. ಮೂಳೆಓಣಿಯ ತಿರುವು ಬಿಟ್ಟು ವ್ಯಾನು ಮೇಲಿನ ಪೇಟೆ ಹತ್ತಿದಾಗ ಅವ್ವ ನನ್ನ ಮುಖ ನೋಡಿದಳು. ಬೇಡ ಅನ್ನುತ್ತಾಳೆ ಅಂತ ಕಾದೆ. ಅವಳು ತನ್ನ ಸೆರಗು ತೆಗೆದು ಅಕ್ಕನ ಕಾಲು ಮುಚ್ಚಿದಳು.

ನಾನೂ ವ್ಯಾನಿನವನೂ ಅಕ್ಕನನ್ನು ಎತ್ತಿ ಆ ನಾಲ್ಕು ಮೆಟ್ಟಿಲು ಹತ್ತಿ ಜಗಲಿ ಮೇಲೆ ಮಲಗಿಸಿದೆವು. ಅಕ್ಕನ ಪಕ್ಕ ಬಿಳಿ ಬಟ್ಟೆಯ ಒಂದು ಸಣ್ಣ ಗಂಟು. ಆ ಮೆಟ್ಟಿಲು ನನ್ನ ಕಾಲಿಗೆ ಸಿಕ್ಕಿದ್ದು ಅದೇ ಮೊದಲು. ಪೇಟೆಯೆಲ್ಲ ಸೇರಿತು. ಯಜಮಾನರು ಪಂಚೆ ಎತ್ತಿ ಕಟ್ಟುತ್ತ ಹೊರಗೆ ಬಂದು, "ಏನಲೇ ಇದು! ಹೆಣ ತಂದು ಎಲ್ಲಿ ಹಾಕ್ತೀಯ, ಬೋಳಿಮಗನೇ! ಪೊಲೀಸರಿಗೆ ಫೋನ್ ಹಚ್ಚಿರಿ ಯಾರಾದ್ರೂ!" ಅಂದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆವತ್ತು ಬೆಳಿಗ್ಗೆ ನಾನು ಸಿಗ್ನಲ್ ಹುಡುಕಿರಲಿಲ್ಲ. ಎಲ್ಲಿದೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ವನಜಾಕ್ಷಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಚೀಟಿಯನ್ನು ಅವಳ ಕಾಲ ಬುಡಕ್ಕೆ ಇಟ್ಟೆ, ನೆಲದ ಮೇಲೆ, ಅವರ ಪದ್ಧತಿಯಂತೆ.

"ಓದಿ ಅಮ್ಮ. ನಿಮ್ಮ ಮನೆಯವಳಂತೆ."

ಓದಿದಳು. ಅಳುತ್ತಿದ್ದಳು, ಸುಳ್ಳು ಅಳುವಲ್ಲ. "ನಾನು ಒಳ್ಳೇದಕ್ಕೇ ಹೇಳಿದೆ ಕಣೋ. ದೀಪ ಉರೀತಿತ್ತು, ದೇವರ ಮುಂದೆ ಆ ಹೆಸರು ಹೇಗೆ ಬಾಯಿಗೆ ತರೋದು? ಅದಕ್ಕೆ ನಮ್ಮನೆ ವಿಳಾಸ ಕೊಟ್ಟೆ. ಇಲ್ಲಿಗಾದ್ರೆ ಗಾಡಿ ಬೇಗ ಬರುತ್ತೆ, ಇಲ್ಲಿಗೇ ಕರ್ಕೊಂಡು ಬಾ ಅಂತ ಹೇಳೋಣ ಅಂದ್ರೆ ನೀನು ಓಡಿಬಿಟ್ಟೆ."

ಓಡಿಬಿಟ್ಟೆ. ಹೌದು. ಏನು ಹೇಳಿದಿರಿ ಅಂತ ಒಂದು ಮಾತು ಕೇಳದೆ, ಕೈ ಮುಗಿದು ಓಡಿಬಿಟ್ಟೆ. ಅದು ನನ್ನದು. ಅದನ್ನು ನಾನು ಸಾಯುವ ತನಕ ಹೊರುತ್ತೇನೆ, ಯಾರ ಜಗಲಿ ಮೇಲೂ ಇಡುವುದಿಲ್ಲ.

"ಅಕ್ಕನ್ನ ಎತ್ಕೊಂಡು ಹೋಗ್ತೀನಿ" ಅಂದೆ. "ಎಲ್ಲಿಗೆ ಒಯ್ಯಬೇಕು ಅಂತ ನೀವು ಹೇಳಿ. ಆ ಕಡೆ ಅನ್ನಬೇಡಿ. ಹೆಸರು ಹೇಳಿ. ಅಷ್ಟೇ ನಾನು ಕೇಳೋದು."

ಆ ಹೆಸರು ಹೇಳೋಕೆ ಅವಳು ಒದ್ದಾಡುತ್ತಾಳೆ, ಹೊತ್ತು ಮುಳುಗುವ ತನಕ ನಾವು ಹೀಗೇ ನಿಲ್ಲಬೇಕಾಗುತ್ತದೆ ಅಂತ ನಾನು ತಯಾರಾಗಿ ಬಂದಿದ್ದೆ. ಅವಳ ಹಿಂದೆ ದೇವರ ಕೋಣೆಯ ದೀಪ ಉರಿಯುತ್ತಲೇ ಇತ್ತು, ಹೊಸ್ತಿಲಿಂದ ಕಾಣುತ್ತಿತ್ತು.

"ಮೂಳೆಓಣಿ" ಅಂದಳು ವನಜಾಕ್ಷಮ್ಮ. "ಮೂಳೆಓಣಿಗೆ, ಹೊನ್ನೂರಾ. ತಗೊಂಡು ಹೋಗಪ್ಪ, ಮೂಳೆಓಣಿಗೆ ತಗೊಂಡು ಹೋಗು."

ಒಂದು ಸಲ ಕೇಳಿದ್ದಕ್ಕೆ ಮೂರು ಸಲ ಹೇಳಿದಳು. ಆ ಹೆಸರಿಗೆ ಒಂದು ಉಸಿರೂ ಪೂರ್ತಿ ಬೇಕಾಗಲಿಲ್ಲ. ನಾನು ಬಗ್ಗಿ ಅಕ್ಕನ ಭುಜದ ಕೆಳಗೆ ಕೈ ಹಾಕಿದೆ. ವ್ಯಾನಿನವನು ಕಾಲು ಹಿಡಿದುಕೊಂಡ. ಗಂಟನ್ನು ಅವ್ವ ಎತ್ತಿಕೊಂಡಳು, ಮಲಗಿದ ಕೂಸನ್ನು ಎಬ್ಬಿಸದ ಹಾಗೆ.